ನಿಯಮದ ಎಡಗಡೆ: ಗ್ರಾಫ್ ಗ್ರಾಮರ್‌ನಿಂದ ಸಿಸ್ಟಮ್ ಮಾಡೆಲ್ ಬದಲಾಯಿಸುವುದು ಹೇಗೆ

ಶಾಲೆಯಲ್ಲಿ ಕನ್ನಡ ಸಂಧಿ ಕಲಿತವರಿಗೆ ಈ ವಿಷಯ ಆಗಲೇ ಅರ್ಧ ಗೊತ್ತಿದೆ. ಊರು, ಅಲ್ಲಿ ಸೇರಿದರೆ ಊರಲ್ಲಿ. ಒಂದು ಸ್ವರ ಹೋಯಿತು, ಲೋಪ. ಮನೆ, ಅಲ್ಲಿ ಸೇರಿದರೆ ಮನೆಯಲ್ಲಿ. ಒಂದು ಯಕಾರ ಬಂತು, ಆಗಮ. ಮಳೆ, ಕಾಲ ಸೇರಿದರೆ ಮಳೆಗಾಲ. ಕಕಾರದ ಜಾಗಕ್ಕೆ ಗಕಾರ ಬಂತು, ಆದೇಶ. ತೆಗೆಯುವುದು, ಸೇರಿಸುವುದು, ಬದಲಿಸುವುದು. ಸಾಫ್ಟ್‌ವೇರ್ ಮಾಡೆಲ್ (ಸಿಸ್ಟಮ್‌ನ ಭಾಗಗಳನ್ನೂ ಅವುಗಳ ಸಂಬಂಧಗಳನ್ನೂ ತೋರಿಸುವ ನಕ್ಷೆ) ಮೇಲೆ ನಾವು ಮಾಡುವ ಕೆಲಸವೂ ಈ ಮೂರೇ.

ಲೋಪಸಂಧಿ ಹೇಳಿಕೊಡುವಾಗ ನಮ್ಮ ಮೇಷ್ಟ್ರು ಒಂದು ಮಾತನ್ನು ಬಿಡದೆ ಹೇಳಿಸುತ್ತಿದ್ದರು: ‘ಅರ್ಥ ಕೆಡದಿದ್ದರೆ ಮಾತ್ರ’. ಗುರು, ಅನ್ನು ಸೇರುವಾಗ ಉಕಾರ ಬಿಟ್ಟರೆ ‘ಗುರನ್ನು’ ಆಗುತ್ತದೆ. ಅರ್ಥ ಕೆಟ್ಟಿತು. ಅದಕ್ಕೇ ಅಲ್ಲಿ ಲೋಪ ಆಗುವುದಿಲ್ಲ, ವಕಾರ ಬಂದು ‘ಗುರುವನ್ನು’ ಆಗುತ್ತದೆ. ನಿಯಮ ಎಲ್ಲಿ ಕೆಲಸ ಮಾಡಬಾರದು ಅನ್ನುವುದೂ ನಿಯಮದ ಒಳಗೇ ಇದೆ. ಹನ್ನೆರಡು ವರ್ಷದಿಂದ ಮಾಡೆಲ್ ಟ್ರಾನ್ಸ್‌ಫರ್ಮೇಶನ್, ಅಂದರೆ ಮಾಡೆಲ್ ಬದಲಾಯಿಸುವ ನಿಯಮಗಳನ್ನು ಬರೆಯುತ್ತಿದ್ದೇನೆ. ನನ್ನ ಟ್ರಾನ್ಸ್‌ಫರ್ಮೇಶನ್ ಕೆಟ್ಟಾಗಲೆಲ್ಲ ಹುಡುಕಿ ನೋಡಿದರೆ ತಪ್ಪು ಸಿಕ್ಕಿದ್ದು ನಿಯಮದ ಎಡಗಡೆಯಲ್ಲಿ. ಏನು ಹುಟ್ಟಿಸಬೇಕು ಅಂತ ಬಲಗಡೆ ಬರೆಯುವುದು ಸುಲಭ. ಯಾವ ಜಾಗಕ್ಕೆ ಕೈ ಹಾಕಬೇಕು, ಯಾವ ಜಾಗಕ್ಕೆ ಹಾಕಬಾರದು ಅಂತ ಎಡಗಡೆ ಹೇಳುವುದು ಕಷ್ಟ. ಈ ಬರಹದಲ್ಲಿ ಜಾಸ್ತಿ ಮಾತು ಅದರ ಬಗ್ಗೆಯೇ.

ಮಾಡೆಲ್‌ನಿಂದ ಕೋಡ್ ಅಥವಾ ಕಾನ್ಫಿಗರೇಶನ್ ಹುಟ್ಟಿಸುವ ಕೆಲಸ ನಿಮ್ಮದಾಗಿದ್ದರೆ, ಆ ಮಾಡೆಲ್ ಅನ್ನು ಆಗಾಗ ದೊಡ್ಡದಾಗಿ ಬದಲಾಯಿಸಬೇಕಾಗಿ ಬಂದಿದ್ದರೆ, ಇದು ನಿಮಗೆ ಉಪಯೋಗಕ್ಕೆ ಬರುತ್ತದೆ.

ಪಠ್ಯ ಸಾಕಾಗುವುದಿಲ್ಲ ಯಾಕೆ

ಮಾಡೆಲ್ ಒಂದು ಫೈಲ್‌ನಲ್ಲಿ ಇರುತ್ತದೆ. ಹಾಗಾಗಿ ಎಲ್ಲರೂ ಮೊದಲು ಮಾಡುವುದು ಹುಡುಕಿ ಬದಲಾಯಿಸುವುದು. ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಒಂದು ಮಾದರಿಯನ್ನು ಹುಡುಕುವ ಸೂತ್ರ) ಹಾಕುತ್ತಾರೆ, ಮೊದಲ ದಿನ ನಡೆಯುತ್ತದೆ. ಒಂದು ಬ್ಲಾಕ್ ಒಳಗೆ ಇನ್ನೊಂದು ಬ್ಲಾಕ್, ಅದರೊಳಗೆ ಮತ್ತೊಂದು ಅಂತ ಆಳಕ್ಕೆ ಹೋದ ಕೂಡಲೇ ಕೈಕೊಡುತ್ತದೆ. ಅದು ನಿಮ್ಮ ತಪ್ಪಲ್ಲ. ಎಷ್ಟು ಆಳಕ್ಕಾದರೂ ಹೋಗುವ ಜೋಡಿ ಆವರಣಗಳನ್ನು ಗುರುತಿಸುವುದು ಅದರ ಹಿಂದಿರುವ ರೆಗ್ಯುಲರ್ ಗ್ರಾಮರ್ ಎಂಬ ನಿಯಮಗಳ ಗುಂಪಿನ ಶಕ್ತಿಗೆ ಮೀರಿದ್ದು. 1956ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಗ್ರಾಮರ್‌ಗಳನ್ನು ಶಕ್ತಿಯ ಪ್ರಕಾರ ಬೇರೆ ಮಾಡಿ ತೋರಿಸಿದಾಗಿನಿಂದ ಇದು ಗೊತ್ತಿರುವ ಸಂಗತಿ. ಒಂದು ಮೆಟ್ಟಿಲು ಮೇಲೆ ಹೋದರೆ ಕಾಂಟೆಕ್ಸ್ಟ್-ಫ್ರೀ ಗ್ರಾಮರ್ ಸಿಗುತ್ತದೆ. ಅಲ್ಗೋಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 1960ರ ವರದಿಯಲ್ಲಿ ಆ ಭಾಷೆಯ ರಚನೆ ಬರೆಯಲು ಬಳಸಿದ ಬಿಎನ್‌ಎಫ್ ಎಂಬ ಪದ್ಧತಿ ಆ ಜಾತಿಯದು. ಅದರಿಂದ ಫೈಲ್ ಓದಿಸಿ ಮರ (ಒಂದರಿಂದ ಕವಲೊಡೆಯುತ್ತಾ ಹೋಗುವ ರಚನೆ) ಕಟ್ಟಿಸಬಹುದು, ಮರದ ಮೇಲೆ ನಿಯಮ ಓಡಿಸಬಹುದು. ಮಾಡೆಲ್ ನಿಜವಾಗಿಯೂ ಮರವೇ ಆಗಿದ್ದರೆ ಅಲ್ಲಿಗೇ ನಿಲ್ಲಿ, ಮುಂದೆ ಹೋಗುವ ಅಗತ್ಯ ಇಲ್ಲ.

ಆದರೆ ಸಿಸ್ಟಮ್ ಮಾಡೆಲ್ ಮರ ಆಗಿರುವುದು ಅಪರೂಪ. ಒಂದೇ ಕಾಂಪೊನೆಂಟ್‌ಗೆ ನಾಲ್ಕು ಕಡೆಯಿಂದ ಬಾಣ ಬಂದಿರುತ್ತದೆ. ಎ ಎನ್ನುವುದು ಬಿಯನ್ನು ಕರೆಯುತ್ತದೆ, ಬಿ ತಿರುಗಿ ಎಯನ್ನು ಕರೆಯುತ್ತದೆ. ಮರದಲ್ಲಿ ಇದಕ್ಕೆ ಜಾಗವಿಲ್ಲ. ನೋಡ್ ಎಂಬ ಚುಕ್ಕಿಗಳು, ಅವುಗಳ ನಡುವೆ ಎಡ್ಜ್ ಎಂಬ ಬಾಣಗಳು ಇರುವ ಚಿತ್ರವೇ ಗ್ರಾಫ್. ಅದರ ಒಂದು ತುಂಡು ಹುಡುಕಿ ಬದಲಿಸುವ ನಿಯಮಗಳ ಗುಂಪು ಗ್ರಾಫ್ ಗ್ರಾಮರ್. ಇಲ್ಲಿ ಅದು ಬೇಕು. 1969ರಲ್ಲಿ ಫಾಲ್ಟ್ಸ್ ಮತ್ತು ರೋಸನ್‌ಫೆಲ್ಡ್ ವೆಬ್ ಗ್ರಾಮರ್ ಅಂತ ಕರೆದು ಇದನ್ನು ಶುರು ಮಾಡಿದರು. 1973ರಲ್ಲಿ ಎರಿಗ್, ಫೆಂಡರ್, ಶ್ನೈಡರ್ ಇದಕ್ಕೆ ಬೀಜಗಣಿತದ ಅಡಿಪಾಯ ಹಾಕಿದರು. ಅದೇ ಡಬಲ್ ಪುಶ್‌ಔಟ್ ವಿಧಾನ. ಹೆಸರು ಕೇಳಿ ಹೆದರಬೇಡಿ. ಅದರಿಂದ ನಮಗೆ ಬೇಕಾದದ್ದು ಎರಡೇ ಸಂಗತಿ, ಎರಡೂ ಮುಂದೆ ಬರುತ್ತವೆ.

ಮೊದಲು ಟೈಪ್ ಗ್ರಾಫ್

ನಿಯಮ ಬರೆಯುವ ಮೊದಲು ನಿಮ್ಮ ಮಾಡೆಲ್‌ನಲ್ಲಿ ಯಾವ ಯಾವ ಜಾತಿಯ ನೋಡ್ ಇರಬಹುದು, ಯಾವುದರಿಂದ ಯಾವುದಕ್ಕೆ ಎಡ್ಜ್ ಹೋಗಬಹುದು ಅನ್ನುವುದನ್ನು ಒಂದು ಚಿಕ್ಕ ಗ್ರಾಫ್ ಆಗಿ ಬರೆಯಿರಿ. ಇದೇ ಟೈಪ್ ಗ್ರಾಫ್. ಮೆಟಾಮಾಡೆಲ್ ಅಂತಲೂ ಕರೆಯುತ್ತಾರೆ. ನಾನು ಇಲ್ಲಿ ಬಳಸುವ ಉದಾಹರಣೆಯಲ್ಲಿ ಜಾತಿಗಳು ನಾಲ್ಕು: ಕಾಂಪೊನೆಂಟ್ (ಸಿಸ್ಟಮ್‌ನ ಒಂದು ಭಾಗ), ಕರೆ (ಒಂದು ಭಾಗ ಇನ್ನೊಂದಕ್ಕೆ ಕೆಲಸ ಹೇಳುವುದು), ಕ್ಯೂ (ಹೇಳಿದ ಕೆಲಸಗಳು ಸರದಿಯಲ್ಲಿ ಕಾಯುವ ಜಾಗ), ಆಡಿಟ್ (ದಾಖಲೆ ಇಡುವ ಭಾಗ).

ಇಲ್ಲಿ ಕರೆಯನ್ನು ಎಡ್ಜ್ ಮಾಡದೆ ನೋಡ್ ಮಾಡಿದ್ದೇನೆ, ಗಮನಿಸಿ. ಆರ್ಡರ್ ಎಂಬ ಕಾಂಪೊನೆಂಟ್‌ನಿಂದ ಮೇಲ್ ಎಂಬ ಕಾಂಪೊನೆಂಟ್‌ಗೆ ಹೋಗುವ ಒಂದು ಕರೆ ಅಂದರೆ ಒಂದು ‘ಕರೆ’ ನೋಡ್. ಅದರಿಂದ ‘ಯಾರಿಂದ’ ಎಂಬ ಎಡ್ಜ್ ಆರ್ಡರ್‌ಗೆ ಹೋಗುತ್ತದೆ, ‘ಯಾರಿಗೆ’ ಎಂಬ ಎಡ್ಜ್ ಮೇಲ್‌ಗೆ ಹೋಗುತ್ತದೆ. ಕೆಲಸ ಜಾಸ್ತಿ ಅನಿಸಬಹುದು. ಆದರೆ ಕರೆಗೆ ತನ್ನದೇ ಗುಣಗಳಿವೆ: ನಿಧಾನದ್ದಾ, ಬೇಗದ್ದಾ, ಯಾರಾದರೂ ಅದನ್ನು ದಾಖಲಿಸುತ್ತಾರಾ. ಆಡಿಟ್ ನೋಡ್‌ನಿಂದ ಕರೆಗೆ ‘ಗಮನಿಸುತ್ತದೆ’ ಎಂಬ ಎಡ್ಜ್ ಬೇಕಾಗುತ್ತದೆ. ಎಡ್ಜ್‌ನ ಮೇಲೆ ಇನ್ನೊಂದು ಎಡ್ಜ್ ಕೂರಿಸಲು ಬಹುತೇಕ ಟೂಲ್‌ಗಳು ಬಿಡುವುದಿಲ್ಲ. ಯಾವುದಕ್ಕೆ ಸ್ವಂತ ಗುಣ ಇದೆಯೋ ಅದನ್ನು ಮೊದಲೇ ನೋಡ್ ಮಾಡಿಬಿಡಿ. ಆಮೇಲೆ ಮಾಡಲು ಹೋದರೆ ಬರೆದ ನಿಯಮಗಳೆಲ್ಲ ಮತ್ತೆ ಬರೆಯಬೇಕಾಗುತ್ತದೆ.

ಟೂಲ್ ಬಗ್ಗೆ ಎರಡೇ ಮಾತು. ಎಕ್ಲಿಪ್ಸ್ ಎಂಬ ಪ್ರೋಗ್ರಾಮಿಂಗ್ ಸಾಧನದ ಮೇಲೆ ಕೆಲಸ ಮಾಡುವವರಿಗೆ ಹೆನ್‌ಶಿನ್ ಎಂಬ ಟೂಲ್ ಹೊಂದುತ್ತದೆ. ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಗ್ರೂವ್, ನಿಯಮಗಳನ್ನು ಎಲ್ಲ ಕ್ರಮದಲ್ಲೂ ಓಡಿಸಿ ಯಾವ ಯಾವ ಸ್ಥಿತಿ ಬರಬಹುದು ಅಂತ ತೋರಿಸುತ್ತದೆ. ಹೊಸ ನಿಯಮವನ್ನು ಅರ್ಥ ಮಾಡಿಕೊಳ್ಳಲು ನಾನು ಇವತ್ತಿಗೂ ಅದನ್ನೇ ತೆರೆಯುತ್ತೇನೆ. ಆದರೆ ಕೆಳಗಿನದ್ದೆಲ್ಲ ಪೆನ್ಸಿಲ್, ಕಾಗದದಲ್ಲೂ ಮಾಡಬಹುದು. ಮೊದಲ ಸಲ ಹಾಗೆಯೇ ಮಾಡಿ.

ಎಡ, ನಡು, ಬಲ

ನಮ್ಮ ಕೆಲಸ ಇದು: ಎರಡು ಕಾಂಪೊನೆಂಟ್ ನಡುವೆ ನಿಧಾನದ ನೇರ ಕರೆ ಇದ್ದರೆ ಅದನ್ನು ತೆಗೆದು ನಡುವೆ ಒಂದು ಕ್ಯೂ ಹಾಕಬೇಕು.

ಹೊಸಬರು ನಿಯಮವನ್ನು ಎರಡು ಚಿತ್ರವಾಗಿ ಬರೆಯುತ್ತಾರೆ, ಮೊದಲು ಹೇಗಿತ್ತು, ಆಮೇಲೆ ಹೇಗಿದೆ ಅಂತ. ನೀವು ಮೂರು ಚಿತ್ರ ಬರೆಯಿರಿ. ಡಬಲ್ ಪುಶ್‌ಔಟ್‌ನಿಂದ ನಮಗೆ ಬೇಕಾದ ಮೊದಲ ಸಂಗತಿ ಇದೇ. ಎಡಗಡೆ ಹುಡುಕಬೇಕಾದದ್ದು, ನಡುವೆ ಉಳಿಯಬೇಕಾದದ್ದು, ಬಲಗಡೆ ಕೊನೆಗೆ ಇರಬೇಕಾದದ್ದು. ಎಡದಲ್ಲಿದ್ದು ನಡುವೆ ಇಲ್ಲದ್ದು ಹೋಗುತ್ತದೆ. ಬಲದಲ್ಲಿದ್ದು ನಡುವೆ ಇಲ್ಲದ್ದು ಹೊಸದಾಗಿ ಹುಟ್ಟುತ್ತದೆ.

ಎಡ: ಕಾಂಪೊನೆಂಟ್ ಒಂದು, ಕಾಂಪೊನೆಂಟ್ ಎರಡು, ಒಂದರಿಂದ ಎರಡಕ್ಕೆ ಒಂದು ಕರೆ, ಅದರ ಗುಣ ‘ನಿಧಾನ’.
ನಡು: ಕಾಂಪೊನೆಂಟ್ ಒಂದು, ಕಾಂಪೊನೆಂಟ್ ಎರಡು.
ಬಲ: ಆ ಎರಡು ಕಾಂಪೊನೆಂಟ್, ಒಂದು ಹೊಸ ಕ್ಯೂ, ಒಂದರಿಂದ ಕ್ಯೂಗೆ ‘ಹಾಕುತ್ತದೆ’, ಎರಡರಿಂದ ಕ್ಯೂಗೆ ‘ತೆಗೆಯುತ್ತದೆ’.

ನಡುವಿನ ಚಿತ್ರ ಯಾಕೆ ಅಷ್ಟು ಮುಖ್ಯ ಗೊತ್ತಾ? ಎಡದಲ್ಲಿ ‘ಮೇಲ್’ ಎಂಬ ಕಾಂಪೊನೆಂಟ್ ಇದೆ, ಬಲದಲ್ಲೂ ‘ಮೇಲ್’ ಎಂಬ ಕಾಂಪೊನೆಂಟ್ ಇದೆ ಅಂದುಕೊಳ್ಳಿ. ನೋಡಲು ಎರಡೂ ಒಂದೇ. ಆದರೆ ಅದು ನಡುವೆ ಇಲ್ಲದಿದ್ದರೆ ಟೂಲ್ ಹಳೇ ಮೇಲ್ ಅಳಿಸಿ ಅದೇ ಹೆಸರಿನ ಹೊಸ ಮೇಲ್ ಹುಟ್ಟಿಸುತ್ತದೆ. ಹಳೆಯದಕ್ಕೆ ಬೇರೆ ಕಡೆಯಿಂದ ಬಂದಿದ್ದ ಎಡ್ಜ್‌ಗಳು ಹೊಸದಕ್ಕೆ ಬರುವುದಿಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ನೋಡ್ ಒಂದೇ ಆಗುವುದಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ: ಒಂದು ಕಾಂಪೊನೆಂಟ್ ತನ್ನನ್ನೇ ಕರೆದುಕೊಂಡರೆ? ಎಡಗಡೆಯ ‘ಒಂದು’ ಮತ್ತು ‘ಎರಡು’ ಮಾಡೆಲ್‌ನ ಒಂದೇ ನೋಡ್‌ಗೆ ಮ್ಯಾಚ್ ಆಗಬಹುದಾ? ಟೂಲ್‌ನಲ್ಲಿ ಇಂಜೆಕ್ಟಿವ್ ಮ್ಯಾಚಿಂಗ್ ಅಂತ ಒಂದು ಆಯ್ಕೆ ಇರುತ್ತದೆ. ಅದು ಚಾಲೂ ಇದ್ದರೆ ಆಗುವುದಿಲ್ಲ, ಇಲ್ಲದಿದ್ದರೆ ಆಗುತ್ತದೆ. ನಮಗೆ ಆಗಬಾರದು. ಆ ಆಯ್ಕೆ ಹೇಗಿದೆ ಅಂತ ಊಹಿಸಬೇಡಿ, ತೆರೆದು ನೋಡಿ.

ಹುಡುಕಾಟ ನಿಧಾನ ಆಗುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಒಂದು ಗ್ರಾಫ್ ಒಳಗೆ ಇನ್ನೊಂದನ್ನು ಹುಡುಕುವುದು ಎನ್‌ಪಿ-ಕಂಪ್ಲೀಟ್ ಸಮಸ್ಯೆ, ಅಂದರೆ ಎಲ್ಲ ಸಂದರ್ಭಕ್ಕೂ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ್ದು, ನಿಜ. ಆದರೆ ನಮ್ಮ ಎಡಗಡೆಯಲ್ಲಿ ಮೂರೇ ನೋಡ್ ಇವೆ, ಅದು ಬೆಳೆಯುವುದಿಲ್ಲ. ಕಡಿಮೆ ಇರುವ ಜಾತಿಯ ನೋಡ್‌ನಿಂದ ಹುಡುಕಲು ಶುರು ಮಾಡಿದರೆ ಸಾವಿರಾರು ನೋಡ್ ಇರುವ ಮಾಡೆಲ್‌ನಲ್ಲೂ ತೊಂದರೆ ಆಗುವುದಿಲ್ಲ.

‘ಇಲ್ಲದಿದ್ದರೆ ಮಾತ್ರ’

ಮೇಲಿನ ನಿಯಮ ಓಡುತ್ತದೆ. ಆದರೆ ಆರ್ಡರ್‌ನಿಂದಲೂ ಪಾವತಿಯಿಂದಲೂ ಮೇಲ್‌ಗೆ ನಿಧಾನದ ಕರೆ ಇದ್ದರೆ ಮೇಲ್‌ನ ಮುಂದೆ ಎರಡು ಕ್ಯೂ ಹುಟ್ಟುತ್ತವೆ. ನಮಗೆ ಮೇಲ್‌ಗೆ ಒಂದೇ ಕ್ಯೂ ಸಾಕು, ಎಲ್ಲರೂ ಅದಕ್ಕೇ ಹಾಕಲಿ. ಆಗ ನಿಯಮವನ್ನು ಒಡೆಯಬೇಕು.

‘ಹೊಸ ಕ್ಯೂ’ ನಿಯಮ: ಎಡ ಮೇಲಿನದ್ದೇ. ಅದಕ್ಕೆ ಒಂದು ನಿಷೇಧ ಸೇರಿಸಿ: ಕಾಂಪೊನೆಂಟ್ ಎರಡು ಆಗಲೇ ಯಾವುದಾದರೂ ಕ್ಯೂನಿಂದ ತೆಗೆಯುತ್ತಿದ್ದರೆ ಈ ನಿಯಮ ನಡೆಯಕೂಡದು. ಇದಕ್ಕೆ ನೆಗೆಟಿವ್ ಅಪ್ಲಿಕೇಶನ್ ಕಂಡಿಶನ್ ಅನ್ನುತ್ತಾರೆ. ಮೇಷ್ಟ್ರ ‘ಅರ್ಥ ಕೆಡದಿದ್ದರೆ ಮಾತ್ರ’ ಇದೇ.

‘ಇರುವ ಕ್ಯೂಗೆ ಸೇರು’ ನಿಯಮ: ಎಡದಲ್ಲಿ ಕರೆಯ ಜೊತೆಗೆ, ಎರಡು ತೆಗೆಯುತ್ತಿರುವ ಕ್ಯೂ ಕೂಡ ಇದೆ. ಆ ಕ್ಯೂ ನಡುವೆಯೂ ಇದೆ, ಅಂದರೆ ಉಳಿಯುತ್ತದೆ. ಬಲದಲ್ಲಿ ಒಂದರಿಂದ ಆ ಕ್ಯೂಗೆ ‘ಹಾಕುತ್ತದೆ’ ಸೇರಿಸಿ. ನಿಷೇಧ: ಆ ಎಡ್ಜ್ ಆಗಲೇ ಇರಬಾರದು.

‘ಸುಮ್ನೆ ತೆಗೆ’ ನಿಯಮ: ಆರ್ಡರ್‌ನಿಂದ ಮೇಲ್‌ಗೆ ಎರಡು ಬೇರೆ ಬೇರೆ ಕರೆಗಳಿದ್ದರೆ ಎರಡನೆಯದಕ್ಕೆ ಮತ್ತೇನೂ ಸೇರಿಸಬೇಕಿಲ್ಲ, ಕರೆಯನ್ನು ಮಾತ್ರ ತೆಗೆಯಬೇಕು. ಎಡದಲ್ಲಿ ‘ಹಾಕುತ್ತದೆ’ ಎಡ್ಜ್ ಇರುವುದು ಇಲ್ಲಿ ಷರತ್ತು.

ಮೂರೂ ನಿಯಮದ ಎಡಗಡೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ನಿಧಾನದ ಕರೆ ಸಿಕ್ಕಾಗ, ಎರಡನೆಯ ಕಾಂಪೊನೆಂಟ್‌ಗೆ ಕ್ಯೂ ಇಲ್ಲ. ಕ್ಯೂ ಇದೆ ಆದರೆ ಒಂದು ಅದಕ್ಕೆ ಹಾಕುತ್ತಿಲ್ಲ. ಕ್ಯೂ ಇದೆ, ಹಾಕುತ್ತಲೂ ಇದೆ. ಈ ಮೂರು ಬಿಟ್ಟು ನಾಲ್ಕನೆಯದು ಇಲ್ಲ, ಒಂದರ ಮೇಲೊಂದು ಬೀಳುವುದೂ ಇಲ್ಲ. ಇಷ್ಟು ಖಾತ್ರಿ ಆಗುವ ತನಕ ಬಲಗಡೆ ಮುಟ್ಟಬೇಡಿ.

ಇದು ನಿಲ್ಲುತ್ತದಾ?

ಗ್ರಾಮರ್‌ಗೆ ತಾನಾಗಿ ನಿಲ್ಲುವ ಗುಣ ಇಲ್ಲ. ಮ್ಯಾಚ್ ಸಿಗುತ್ತಿರುವಷ್ಟು ಹೊತ್ತೂ ಓಡುತ್ತದೆ. ಮೊದಮೊದಲು ನಾನು ಬರೆದ ಒಂದು ನಿಯಮ ಕರೆಯನ್ನು ತೆಗೆಯುತ್ತಿರಲಿಲ್ಲ, ಕ್ಯೂ ಮಾತ್ರ ಸೇರಿಸುತ್ತಿತ್ತು. ಸಂಜೆ ಓಡಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಮೆಮೊರಿ ತುಂಬಿ ಪ್ರೋಗ್ರಾಮ್ ಸತ್ತಿತ್ತು. ಒಂದೇ ಜೋಡಿ ಕಾಂಪೊನೆಂಟ್ ನಡುವೆ ಲಕ್ಷಗಟ್ಟಲೆ ಕ್ಯೂ.

ಯಾವ ನಿಯಮಗಳ ಗುಂಪು ಕೊಟ್ಟರೂ ನಿಲ್ಲುತ್ತದಾ ಇಲ್ಲವಾ ಅಂತ ಹೇಳುವ ಒಂದೇ ಸೂತ್ರ ಇರಲು ಸಾಧ್ಯವಿಲ್ಲ. ಗ್ರಾಫ್ ರಿರೈಟಿಂಗ್ (ನಿಯಮದಿಂದ ಗ್ರಾಫ್ ಬದಲಿಸುವುದು) ವಿಷಯದಲ್ಲಿ ಡೆಟ್‌ಲೆಫ್ ಪ್ಲಂಪ್ 1998ರಲ್ಲಿ ಇದನ್ನು ಸಾಧಿಸಿ ತೋರಿಸಿದ್ದಾರೆ. ಆದರೆ ನಿಮ್ಮ ಕೈಲಿರುವ ನಾಲ್ಕು ನಿಯಮಕ್ಕೆ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ಪ್ರತಿ ಹೆಜ್ಜೆಗೂ ಕಡಿಮೆಯಾಗುತ್ತಾ ಹೋಗುವ ಒಂದು ಎಣಿಕೆ ಹುಡುಕಿ. ನಮ್ಮಲ್ಲಿ ಅದು ನಿಧಾನದ ಕರೆಗಳ ಸಂಖ್ಯೆ. ಮೂರೂ ನಿಯಮ ಒಂದೊಂದು ಕರೆಯನ್ನು ತೆಗೆಯುತ್ತವೆ, ಯಾವುದೂ ಹೊಸ ಕರೆ ಹುಟ್ಟಿಸುವುದಿಲ್ಲ. ಮೂವತ್ತೇಳು ಕರೆ ಇದ್ದರೆ ಮೂವತ್ತೇಳನೆಯ ಹೆಜ್ಜೆಗೆ ಮುಗಿಯಲೇಬೇಕು. ಆ ಎಣಿಕೆ ಯಾವುದು ಅಂತ ನಿಯಮಗಳ ಫೈಲ್‌ನ ಮೇಲ್ಗಡೆಯೇ ಒಂದು ಸಾಲು ಬರೆದಿಡಿ. ಮುಂದೆ ಯಾರಾದರೂ ಹೊಸ ನಿಯಮ ಸೇರಿಸುವಾಗ ಮೊದಲು ಆ ಸಾಲು ಕಣ್ಣಿಗೆ ಬೀಳಬೇಕು.

ಯಾವ ಕ್ರಮದಲ್ಲಿ ಓಡಿದರೂ ಒಂದೇ ಉತ್ತರ ಬರುತ್ತದಾ?

ಇದು ನನಗೆ ಇಡೀ ವಿಷಯದಲ್ಲಿ ಅತಿ ಚೆಂದ ಕಾಣುವ ಭಾಗ. ಸ್ವಲ್ಪ ನಿಧಾನವಾಗಿ ಹೋಗೋಣ.

ಟೂಲ್ ಮೊದಲು ಯಾವ ಮ್ಯಾಚ್ ಹಿಡಿಯುತ್ತದೆ ಅನ್ನುವುದು ನಿಮ್ಮ ಕೈಲಿಲ್ಲ. ಇವತ್ತು ಆರ್ಡರ್‌ನ ಕರೆ ಮೊದಲು ಸಿಗಬಹುದು, ನಾಳೆ ಪಾವತಿಯದ್ದು. ಎರಡೂ ದಿನ ಒಂದೇ ಮಾಡೆಲ್ ಸಿಗಬೇಕು. ಇದಕ್ಕೆ ಕನ್‌ಫ್ಲುಯೆನ್ಸ್ ಅನ್ನುತ್ತಾರೆ. 1942ರಲ್ಲಿ ಗಣಿತಜ್ಞ ನ್ಯೂಮನ್ ತೋರಿಸಿದ ಒಂದು ಮಾತು ನಮ್ಮ ಕೆಲಸ ಹಗುರ ಮಾಡುತ್ತದೆ: ನಿಯಮಗಳು ನಿಲ್ಲುತ್ತವೆ ಅಂತ ಖಾತ್ರಿ ಇದ್ದರೆ, ಒಂದೊಂದು ಹೆಜ್ಜೆಯಲ್ಲಿ ಬೇರೆಯಾದ ಎರಡು ದಾರಿಗಳು ಮುಂದೆ ಕೂಡುತ್ತವೆ ಅಂತ ನೋಡಿದರೆ ಸಾಕು. ಎಲ್ಲ ದಾರಿಯನ್ನೂ ಕೊನೆ ತನಕ ನಡೆದು ನೋಡಬೇಕಿಲ್ಲ.

ಅದನ್ನು ಮಾಡುವ ರೀತಿ ಹೀಗೆ. ಎರಡು ನಿಯಮದ ಎಡಗಡೆಗಳನ್ನು ಎರಡು ತೆಳು ಕಾಗದದ ಮೇಲೆ ಬರೆಯಿರಿ. ಒಂದರ ಮೇಲೊಂದು ಇಟ್ಟು ಸರಿಸುತ್ತಾ, ನೋಡ್ ಮೇಲೆ ನೋಡ್ ಕೂರುವ ಎಲ್ಲ ರೀತಿಗಳನ್ನು ಹುಡುಕಿ. ಒಂದು ನಿಯಮ ಓಡಿದರೆ ಇನ್ನೊಂದಕ್ಕೆ ಅಡ್ಡಿ ಆಗುವಂಥ ಚಿಕ್ಕ ಗ್ರಾಫ್ ಸಿಕ್ಕರೆ ಅದು ಕ್ರಿಟಿಕಲ್ ಪೇರ್. ಎಜಿಜಿ, ಹೆನ್‌ಶಿನ್ ಎಂಬ ಟೂಲ್‌ಗಳು ಇದನ್ನು ತಾವೇ ಹುಡುಕಿಕೊಡುತ್ತವೆ. ಆದರೂ ಒಂದನ್ನಾದರೂ ಕೈಯಿಂದ ಮಾಡಿ ನೋಡಿ.

‘ಹೊಸ ಕ್ಯೂ’ ನಿಯಮವನ್ನು ಅದರದ್ದೇ ಮೇಲೆ ಇಡೋಣ. ಮೇಲ್ ಎರಡಕ್ಕೂ ಸಾಮಾನ್ಯ, ಕರೆಯುವವರು ಬೇರೆ ಬೇರೆ: ಆರ್ಡರ್, ಪಾವತಿ. ಐದು ನೋಡ್‌ನ ಗ್ರಾಫ್: ಆರ್ಡರ್, ಪಾವತಿ, ಮೇಲ್, ಎರಡು ಕರೆ. ಮೇಲ್‌ಗೆ ಇನ್ನೂ ಕ್ಯೂ ಇಲ್ಲ. ಎರಡೂ ಕರೆಗೆ ‘ಹೊಸ ಕ್ಯೂ’ ಮ್ಯಾಚ್ ಆಗುತ್ತದೆ. ಆರ್ಡರ್ ಕಡೆಯದು ಮೊದಲು ಓಡಿದರೆ ಮೇಲ್‌ಗೆ ಕ್ಯೂ ಬರುತ್ತದೆ, ನಿಷೇಧ ಅಡ್ಡ ಬಂದು ಪಾವತಿ ಕಡೆಗೆ ‘ಹೊಸ ಕ್ಯೂ’ ನಡೆಯುವುದಿಲ್ಲ. ಅಲ್ಲಿ ‘ಇರುವ ಕ್ಯೂಗೆ ಸೇರು’ ನಡೆಯುತ್ತದೆ. ಕೊನೆಗೆ ಒಂದು ಕ್ಯೂ, ಇಬ್ಬರು ಹಾಕುವವರು, ಒಬ್ಬರು ತೆಗೆಯುವವರು. ಪಾವತಿಯಿಂದ ಶುರು ಮಾಡಿದರೂ ಅದೇ ಆಕಾರ. ದಾರಿಗಳು ಕೂಡಿದವು.

ಈಗ ಕ್ಯೂಗೆ ಒಂದು ಹೆಸರು ಕೊಡಿ. ನಾನು ಮೊದಲ ಸಲ ಕರೆಯುವವರ ಹೆಸರಿಂದ ಕೊಟ್ಟಿದ್ದೆ. ಆರ್ಡರ್‌ನಿಂದ ಶುರುವಾದರೆ ‘ಆರ್ಡರ್-ಕ್ಯೂ’, ಪಾವತಿಯಿಂದ ಶುರುವಾದರೆ ‘ಪಾವತಿ-ಕ್ಯೂ’. ಆಕಾರ ಒಂದೇ, ಹೆಸರು ಬೇರೆ. ಮಾಡೆಲ್‌ನಿಂದ ಹುಟ್ಟಿದ ಕಾನ್ಫಿಗರೇಶನ್ ಒಂದೊಂದು ಸಲ ಒಂದೊಂದು ರೀತಿ ಬರುತ್ತಿತ್ತು. ಯಾರೂ ಏನೂ ಬದಲಾಯಿಸದೆ ಹೀಗೇಕೆ ಆಗುತ್ತದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಹೆಸರನ್ನು ತೆಗೆಯುವವರಿಂದ ಕೊಟ್ಟು ‘ಮೇಲ್-ಕ್ಯೂ’ ಮಾಡಿದ ಮೇಲೆ ಸರಿಹೋಯಿತು. ಕ್ರಿಟಿಕಲ್ ಪೇರ್ ನೋಡುವಾಗ ನೋಡ್, ಎಡ್ಜ್ ಜೊತೆ ಗುಣಗಳನ್ನೂ ನೋಡಬೇಕು ಅಂತ ಆವತ್ತು ಕಲಿತೆ.

ನೇತಾಡುವ ಎಡ್ಜ್

ಎರಡನೆಯ ಸಂಗತಿ ಅಂದೆನಲ್ಲ, ಅದು ಇದು. ಇದನ್ನು ತಿಳಿಯಲು ನಾನು ತೆತ್ತ ಬೆಲೆ ದೊಡ್ಡದು.

ಒಂದು ಬಿಲ್ಲಿಂಗ್ ಸಿಸ್ಟಮ್. ಮೂವತ್ತೇಳು ನಿಧಾನದ ಕರೆಗಳು, ಅವುಗಳಲ್ಲಿ ಒಂಬತ್ತನ್ನು ಆಡಿಟ್ ಗಮನಿಸುತ್ತಿತ್ತು. ಆಡಿಟ್‌ನಿಂದ ಆ ಒಂಬತ್ತು ಕರೆ ನೋಡ್‌ಗಳಿಗೆ ‘ಗಮನಿಸುತ್ತದೆ’ ಎಡ್ಜ್. ನನ್ನ ನಿಯಮಗಳ ಎಡಗಡೆಯಲ್ಲಿ ಆಡಿಟ್ ಇರಲಿಲ್ಲ, ಆ ಎಡ್ಜ್ ಇದೆ ಅನ್ನುವುದೇ ನನ್ನ ತಲೆಯಲ್ಲಿರಲಿಲ್ಲ. ನಿಯಮ ಓಡಿತು, ಕರೆಗಳು ಹೋದವು. ಹಾಗಾದರೆ ಆ ಒಂಬತ್ತು ಎಡ್ಜ್‌ಗಳು ಏನಾಗಬೇಕು? ಒಂದು ತುದಿಯಲ್ಲಿ ಆಡಿಟ್ ಇದೆ, ಇನ್ನೊಂದು ತುದಿಯಲ್ಲಿ ಏನೂ ಇಲ್ಲ.

ಡಬಲ್ ಪುಶ್‌ಔಟ್ ಇಲ್ಲಿ ಖಡಾಖಂಡಿತ: ಹೀಗೆ ಎಡ್ಜ್ ನೇತಾಡುವಂತಾದರೆ ನಿಯಮ ನಡೆಯುವುದೇ ಇಲ್ಲ. ಇದು ಡ್ಯಾಂಗ್ಲಿಂಗ್ ಕಂಡಿಶನ್. ಸಿಂಗಲ್ ಪುಶ್‌ಔಟ್ ಅಂತ ಇನ್ನೊಂದು ವಿಧಾನ ಇದೆ. ಅದು ನಿಯಮವನ್ನು ನಡೆಸಿಬಿಡುತ್ತದೆ, ನೇತಾಡುವ ಎಡ್ಜ್‌ಗಳನ್ನು ತಾನೇ ಅಳಿಸುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ನಾನು ಎರಡನೆಯ ರೀತಿಯಲ್ಲಿ ಓಡಿಸಿದ್ದೆ. ಒಂಬತ್ತು ಎಡ್ಜ್ ಮಾಯ. ಹೊಸ ಕೋಡ್ ಹುಟ್ಟಿತು, ಟೆಸ್ಟ್‌ಗಳು ಪಾಸಾದವು, ಸಿಸ್ಟಮ್ ಚೆನ್ನಾಗಿಯೇ ಓಡಿತು. ಬಿಲ್‌ಗಳ ದಾಖಲೆ ಮಾತ್ರ ಬರೆಯುತ್ತಿರಲಿಲ್ಲ. ಗೊತ್ತಾಗಲು ಮೂರು ವಾರ ಬೇಕಾಯಿತು. ಆ ಮೂರು ವಾರದ ದಾಖಲೆಯನ್ನು ಬೇರೆ ಕಡೆಯಿಂದ ಒಟ್ಟುಗೂಡಿಸಲು ನಾಲ್ಕು ಜನ ಕೂತರು. ಅವರ ಮುಖ ಈಗಲೂ ನೆನಪಿದೆ.

ಹಾಗಾಗಿ ನನ್ನ ಮಾತು ಖಚಿತ: ಡ್ಯಾಂಗ್ಲಿಂಗ್ ಪರೀಕ್ಷೆಯನ್ನು ಎಂದೂ ಆಫ್ ಮಾಡಬೇಡಿ. ನಿಯಮ ನಡೆಯಲಿಲ್ಲ ಅಂತ ಕಿರಿಕಿರಿ ಆಗುತ್ತದೆ, ಆಗಲಿ. ನಿಮಗೆ ಗೊತ್ತಿಲ್ಲದ ಏನೋ ಅಲ್ಲಿ ಕಟ್ಟಿಕೊಂಡಿದೆ ಅಂತ ಮಾಡೆಲ್ ಹೇಳುತ್ತಿದೆ.

ಆಮೇಲೆ ನಾನು ಆ ನಿಯಮಗಳನ್ನು ಮೂರು ಪದರ ಮಾಡಿದೆ. ಒಂದು ಪದರದಲ್ಲಿ ಮ್ಯಾಚ್ ಪೂರ್ತಿ ಮುಗಿದ ಮೇಲೆಯೇ ಮುಂದಿನದು.

ಮೊದಲ ಪದರದಲ್ಲಿ ಕರೆಯನ್ನು ಅಳಿಸುವುದಿಲ್ಲ. ಮೇಲಿನ ಮೂರೂ ನಿಯಮಗಳಲ್ಲಿ ಕರೆ ನಡುವೆಯೂ ಇರುತ್ತದೆ. ಅದರ ಗುಣ ‘ನಿಧಾನ’ದಿಂದ ‘ಮುಗಿದಿದೆ’ ಆಗುತ್ತದೆ, ಅದರಿಂದ ಕ್ಯೂಗೆ ‘ಬದಲಿಗೆ’ ಎಂಬ ಎಡ್ಜ್ ಬರುತ್ತದೆ. ಎಣಿಕೆ ಹಳೆಯದೇ, ‘ನಿಧಾನ’ ಗುರುತಿರುವ ಕರೆಗಳ ಸಂಖ್ಯೆ.

ಎರಡನೆಯ ಪದರದಲ್ಲಿ ಒಂದೇ ನಿಯಮ: ಆಡಿಟ್ ಗಮನಿಸುತ್ತಿರುವ ಕರೆಯಿಂದ ‘ಬದಲಿಗೆ’ ಎಡ್ಜ್ ಒಂದು ಕ್ಯೂಗೆ ಹೋಗಿದ್ದರೆ, ಆಡಿಟ್ ಇನ್ನು ಆ ಕ್ಯೂವನ್ನು ಗಮನಿಸಲಿ. ಇದರಲ್ಲಿ ಒಂದು ಮಾತಿದೆ. ಕ್ಯೂ ಹಲವರದ್ದು, ಹಾಗಾಗಿ ಆಡಿಟ್‌ಗೆ ಮೊದಲಿಗಿಂತ ಜಾಸ್ತಿ ಕಾಣುತ್ತದೆ. ನನಗೆ ಅದು ಒಪ್ಪಿಗೆ. ದಾಖಲೆ ಜಾಸ್ತಿಯಾದರೆ ಸೋಸಬಹುದು, ಇಲ್ಲದಿದ್ದರೆ ಹುಟ್ಟಿಸಲು ಆಗುವುದಿಲ್ಲ.

ಮೂರನೆಯ ಪದರ ‘ಮುಗಿದಿದೆ’ ಗುರುತಿನ ಕರೆಗಳನ್ನು ಅವುಗಳ ಮೂರು ಎಡ್ಜ್ ಜೊತೆ ಅಳಿಸುತ್ತದೆ, ಡ್ಯಾಂಗ್ಲಿಂಗ್ ಪರೀಕ್ಷೆ ಚಾಲೂ ಇಟ್ಟುಕೊಂಡು. ಯಾವುದಾದರೂ ಕರೆಗೆ ನಾನು ಯೋಚಿಸದ ಇನ್ನೊಂದು ಎಡ್ಜ್ ಅಂಟಿಕೊಂಡಿದ್ದರೆ ಅದು ಅಳಿಯದೆ ಉಳಿಯುತ್ತದೆ. ಎಲ್ಲ ಮುಗಿದ ಮೇಲೆ ‘ಮುಗಿದಿದೆ’ ಗುರುತಿನ ಕರೆ ಒಂದೇ ಒಂದು ಉಳಿದಿದ್ದರೂ ಟ್ರಾನ್ಸ್‌ಫರ್ಮೇಶನ್ ಸೋತಂತೆ, ಫೈಲ್ ಬರೆಯಬಾರದು.

ಪರೀಕ್ಷೆಗೆ ದೊಡ್ಡ ಮಾಡೆಲ್ ಬೇಡ. ಮೂರ್ನಾಲ್ಕು ನೋಡ್‌ನ ಪುಟ್ಟ ಮಾಡೆಲ್‌ಗಳನ್ನು ಕೂಡಿಹಾಕಿಕೊಳ್ಳಿ: ಕರೆಯೇ ಇಲ್ಲದ್ದು, ತನ್ನನ್ನೇ ಕರೆಯುವುದು, ಒಂದೇ ಜೋಡಿಗೆ ಎರಡು ಕರೆ, ಎ ಬಿಯನ್ನೂ ಬಿ ಎಯನ್ನೂ ಕರೆಯುವುದು, ಒಂದು ಕರೆಯನ್ನು ಎರಡು ಆಡಿಟ್ ಗಮನಿಸುವುದು. ಪ್ರತಿಯೊಂದನ್ನೂ ಎರಡು ಸಲ ಓಡಿಸಿ. ಎರಡನೆಯ ಸಲ ಒಂದೂ ಮ್ಯಾಚ್ ಸಿಗಬಾರದು.

ಎರಡು ಮಾಡೆಲ್ ಜೊತೆಜೊತೆಗೆ

ಕೆಲವು ಸಲ ಮಾಡೆಲ್ ಒಂದೇ ಇರುವುದಿಲ್ಲ. ಕಾಂಪೊನೆಂಟ್‌ಗಳ ಮಾಡೆಲ್ ಒಂದು, ಯಾವುದು ಯಾವ ಸರ್ವರ್ ಮೇಲೆ ಓಡುತ್ತದೆ ಅನ್ನುವುದು ಇನ್ನೊಂದು. ಒಂದನ್ನು ಬದಲಾಯಿಸಿದರೆ ಇನ್ನೊಂದೂ ಬದಲಾಗಬೇಕು, ಅದೂ ಎರಡೂ ದಿಕ್ಕಿನಲ್ಲಿ. ಆಂಡಿ ಶೂರ್ 1994ರಲ್ಲಿ ಮುಂದಿಟ್ಟ ಟ್ರಿಪಲ್ ಗ್ರಾಫ್ ಗ್ರಾಮರ್ ಇದಕ್ಕೇ ಇರುವುದು. ಪ್ರತಿ ನಿಯಮದಲ್ಲೂ ಮೂರು ಗ್ರಾಫ್ ಒಟ್ಟಿಗೆ ಬೆಳೆಯುತ್ತವೆ: ಒಂದು ಮಾಡೆಲ್, ಇನ್ನೊಂದು ಮಾಡೆಲ್, ನಡುವೆ ಯಾವುದು ಯಾವುದಕ್ಕೆ ಜೋಡಿ ಅಂತ ಹೇಳುವ ಗ್ರಾಫ್. ಈ ನಿಯಮಗಳು ಏನನ್ನೂ ಅಳಿಸುವುದಿಲ್ಲ, ಸೇರಿಸುತ್ತವೆ ಅಷ್ಟೇ. ‘ಕಾಂಪೊನೆಂಟ್ ಒಂದು ಹುಟ್ಟಿದರೆ ಆ ಕಡೆ ಕಂಟೇನರ್ (ಸರ್ವರ್ ಮೇಲೆ ಅದು ಓಡುವ ಜಾಗ) ಒಂದು ಹುಟ್ಟುತ್ತದೆ, ಇವೆರಡೂ ಜೋಡಿ’ ಅಂತ ಒಂದೇ ಸಲ ಬರೆದರೆ, ಮುಂದಕ್ಕೆ ಹೋಗುವ ನಿಯಮ, ಹಿಂದಕ್ಕೆ ಬರುವ ನಿಯಮ ಎರಡನ್ನೂ ಅದರಿಂದಲೇ ತೆಗೆಯಬಹುದು. ಒಂದೇ ದಿಕ್ಕಿನ, ಒಂದೇ ಸಲದ ಕೆಲಸಕ್ಕೆ ಇದನ್ನು ತರಬೇಡಿ, ಭಾರವಾಗುತ್ತದೆ. ಎರಡು ತಂಡ ಎರಡು ಮಾಡೆಲ್‌ಗಳನ್ನು ದಿನವೂ ತಿದ್ದುತ್ತಿದ್ದರೆ ಮಾತ್ರ ತನ್ನಿ.

ನಿಯಮವನ್ನು ಬೇರೆಯವರಿಗೆ ತೋರಿಸಿ

ಗ್ರಾಮರ್‌ನ ಒಂದು ದೊಡ್ಡ ಅನುಕೂಲ ಏನೆಂದರೆ ನಿಯಮ ಅಂದರೆ ಒಂದು ಚಿತ್ರ. ಕೋಡ್ ಓದದವರೂ ಓದಬಹುದು. ಪ್ರತಿ ನಿಯಮವನ್ನೂ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು, ಕೆಳಗೆ ಒಂದು ವಾಕ್ಯ ಬರೆದು, ಆ ಸಿಸ್ಟಮ್ ಅನ್ನು ದಿನವೂ ಓಡಿಸುವವರ ಮುಂದೆ ಇಡಿ.

ಆ ಬಿಲ್ಲಿಂಗ್ ಕೆಲಸದ ಎರಡು ವರ್ಷದ ಮೇಲೆ, ಬೇರೊಂದು ಸಿಸ್ಟಮ್‌ಗೆ ಇದೇ ಕ್ಯೂ ನಿಯಮಗಳನ್ನು ತೆಗೆದುಕೊಂಡು ಹೋದೆ. ಪದರ, ಎಣಿಕೆ, ಕ್ರಿಟಿಕಲ್ ಪೇರ್ ಎಲ್ಲ ಸರಿ ಇತ್ತು. ಆಪರೇಶನ್ಸ್ ನೋಡಿಕೊಳ್ಳುತ್ತಿದ್ದ ಹಿರಿಯ ಮೇಡಂ ಒಬ್ಬರು ಹಾಳೆ ಹಿಡಿದುಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ತೋರಿಸಿದರು.

“ಇಲ್ಲಿ ಆರ್ಡರ್ ಸ್ಟಾಕ್‌ನ ಕರೆಯೋದು ಮಾಲು ಇದೆಯಾ ಇಲ್ವಾ ಅಂತ ಕೇಳೋಕೆ ಅಲ್ವಾ? ಉತ್ತರ ಬರೋ ತನಕ ಅದು ಕಾಯ್ತಾ ಇರತ್ತೆ. ನೀವು ನಡುವೆ ಕ್ಯೂ ಹಾಕಿದ್ರೆ ಉತ್ತರ ಯಾರು ಕೊಡ್ತಾರೆ?”

“ಇಲ್ಲ ಮೇಡಂ, ಆ ಕರೆ ನಿಧಾನದ್ದು, ಅದಕ್ಕೇ…”

“ನಿಧಾನದ್ದೇ. ಆದ್ರೆ ಉತ್ತರ ಬೇಕಲ್ಲ.”

ನಿಧಾನದ ಕರೆ ಅಂದರೆ ಕಳಿಸಿ ಮರೆತುಬಿಡುವ ಕರೆ ಅಂತ ನಾನೇ ಅಂದುಕೊಂಡಿದ್ದೆ. ಎಡಗಡೆಯಲ್ಲಿ ‘ಉತ್ತರ ಬೇಡ’ ಎಂಬ ಷರತ್ತು ಇರಲಿಲ್ಲ. ಹಾಕೋಣ ಅಂದರೆ ಮಾಡೆಲ್‌ನಲ್ಲಿ ಆ ಗುಣವೇ ಇರಲಿಲ್ಲ. ಟೈಪ್ ಗ್ರಾಫ್‌ನಲ್ಲಿ ಕರೆಗೆ ಒಂದು ಹೊಸ ಗುಣ ಸೇರಿಸಿದೆ. ಪ್ರತಿ ಕರೆಯನ್ನೂ ಒಂದೊಂದಾಗಿ ತೆಗೆದು, ಇದಕ್ಕೆ ಉತ್ತರ ಬೇಕಾ ಅಂತ ಅವರನ್ನು ಕೇಳುತ್ತಾ ತುಂಬಿಸಿದೆ. ಎರಡು ದಿನ ಹಿಡಿಯಿತು. ನಲವತ್ತೊಂದು ನಿಧಾನದ ಕರೆಗಳಲ್ಲಿ ಇಪ್ಪತ್ತಾರಕ್ಕೆ ನಿಯಮ ಮ್ಯಾಚ್ ಆಯಿತು. ಉಳಿದ ಹದಿನೈದು ನೇರ ಕರೆಗಳಾಗಿಯೇ ಉಳಿದವು. ಅವುಗಳ ಪಟ್ಟಿಯನ್ನು ಅವರು ತಮ್ಮ ಬಳಿ ಇಟ್ಟುಕೊಂಡರು.